ಮಾಳಿಗೆ ಮೇಲೆ ಎರಡು ಕಡ್ಡಿ, ಮನೆಯೊಳಗೆ ಸೊನ್ನೆ: ಊರಿನ ವೈಫೈ ಹೊಲದ ಮನೆಗೆ ತರುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಕಲಬುರಗಿ ಜಿಲ್ಲಾ ಆಳಂದ ತಾಲೂಕು. ಊರಾಗ ಕಾಕಾನ ಮನಿಗೆ ಫೈಬರ್ ನೆಟ್ ಬಂದದ. ಅವರ ಮಾಳಿಗಿ ಮ್ಯಾಲ ಹೊರಗ ಹಾಕೋ ವೈಫೈ ಡಬ್ಬಿ ಕೂಡಿಸ್ಯಾರ. ನಮ್ಮ ಹೊಲದ ಮನಿ ಅಲ್ಲಿಂದ ಸುಮಾರು 600 ಮೀಟರ್. ನಮ್ಮ ಮಾಳಿಗಿ ಮ್ಯಾಲ ನಿಂತ್ರ ಫೋನಿನಾಗ ಎರಡು ಕಡ್ಡಿ ತೋರಸ್ತದ, ವಾಟ್ಸಾಪ್ ಮೆಸೇಜ್ ಹೋಗ್ತಾವ. ಒಳಗ ಬಂದ್ರ ಏನೂ ಇಲ್ಲ. ಗ್ವಾಡಿ ಶಹಾಬಾದ ಕಲ್ಲಿಂದು, ಎರಡು ಫೂಟ್ ದಪ್ಪ. ಮುಂದಿನ ಖೋಲಿ ಪತ್ರಾಸಿಂದು. ಒಂದು ಎಕ್ಸ್‌ಟೆಂಡರ್ ತಂದು ಟಿವಿ ಬಾಜೂ ಹಾಕಿದೆ, ಉಪಯೋಗ ಆಗಲಿಲ್ಲ. ಅಂಗಡಿಯವರು ‘ದೊಡ್ಡ ಬೂಸ್ಟರ್ ಹಾಕ್ರಿ’ ಅಂತಾರ. ಮಗಳ ಆನ್‌ಲೈನ್ ಕ್ಲಾಸು, ಒಂದು ಸಿಸಿ ಕ್ಯಾಮೆರಾ, ಇಷ್ಟು ನಡದ್ರ ಸಾಕು. ಏನು ಮಾಡಬೇಕ್ರಿ?

ಉತ್ತರ: ಬೂಸ್ಟರ್ ಬೇಡ. ನಿಮಗೆ ಬೇಕಾದದ್ದು ಎರಡು ಸಾಮಾನು. ಮಾಳಿಗೆ ಮೇಲೆ ಊರ ಕಡೆ ಮುಖ ಮಾಡಿ ಸಿಗ್ನಲ್ ಹಿಡಿಯುವ ಹೊರಾಂಗಣ ಸಿಪಿಇ (ಆಂಟೆನಾ, ರೇಡಿಯೊ ಎರಡೂ ಒಳಗೇ ಇರುವ ಡಬ್ಬಿ) ಒಂದು, ಮನೆಯೊಳಗೆ ವೈಫೈ ಹಂಚುವ ಸಾದಾ ರೌಟರ್ ಒಂದು. ಎರಡರ ನಡುವೆ ನೆಟ್‌ವರ್ಕ್ ಕೇಬಲ್. ಎರಡು ಫೂಟಿನ ಕಲ್ಲಿನ ಗೋಡೆ ದಾಟುವ ಕೆಲಸವನ್ನು ಆ ಕೇಬಲ್ಲಿಗೆ ಬಿಡಿ.

ಯಾಕೆ ಹೀಗೆ ಎಂದು ಲೆಕ್ಕ ಹಾಕಿಯೇ ನೋಡೋಣ. ಕಾಕಾ ಅವರ ಮನೆಯ ಡಬ್ಬಿ 2.4 ಗಿಗಾಹರ್ಟ್ಸ್‌ನದು, ಆಂಟೆನಾ ಸೇರಿ ಹೊರಡುವ ಶಕ್ತಿ 25 ಡಿಬಿಎಂ ಎಂದು ಹಿಡಿಯಿರಿ. ಡಿಬಿಎಂ ಅಂದರೆ ಸಿಗ್ನಲ್ಲಿನ ಶಕ್ತಿಯ ಅಳತೆ, ಅದರ ಏರಿಳಿತ ಡಿಬಿಯಲ್ಲಿ; ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. 600 ಮೀಟರ್ ಬಯಲು ದಾಟುವುದರಲ್ಲಿ 96 ಡಿಬಿ ಕರಗುತ್ತದೆ. ಅಲ್ಲಿಗೆ ನಿಮ್ಮ ಮಾಳಿಗೆ ಮುಟ್ಟುವುದು ಮೈನಸ್ 71. ಫೋನಿನ ಒಳಗಿನ ಆಂಟೆನಾ ಸಣ್ಣದು, ಅದನ್ನು ಹಿಡಿದ ಕೈಯೂ ಅಡ್ಡ ಬರುತ್ತದೆ. ಮೈನಸ್ 75 ಎನ್ನಿ. ನಿಮ್ಮ ಎರಡು ಕಡ್ಡಿ ಅಂದರೆ ಇದೇ. ಒಳಗೆ ಬಂದರೆ ಕಲ್ಲಿನ ಗೋಡೆ ಇನ್ನೂ 15–20 ಡಿಬಿ ನುಂಗುತ್ತದೆ. ಮೈನಸ್ 90 ದಾಟಿದ ಮೇಲೆ ಯಾವ ಫೋನೂ ಕೂಡಿಕೊಳ್ಳುವುದಿಲ್ಲ. ಇನ್ನು ಪತ್ರಾಸಿನ ಖೋಲಿಯ ಮಾತು ಬಿಡಿ, ತಗಡು ಈ ಅಲೆಗಳನ್ನು ಒಳಗೆ ಬಿಡದೆ ಹೊರಗೇ ತಿರುಗಿಸಿ ಕಳಿಸುತ್ತದೆ. ಕಿಟಕಿಗೆ ಸೊಳ್ಳೆ ಬಾರದಂತೆ ಕಬ್ಬಿಣದ ಜಾಳಿಗೆ ಬಡಿಸಿದ್ದರೆ ಅಲ್ಲಿಯೂ ದಾರಿ ಬಂದ್.

ಎಕ್ಸ್‌ಟೆಂಡರ್ ಸೋತದ್ದು ಅಲ್ಲಿಯೇ. ಅದು ತನಗೆ ಸಿಕ್ಕ ಸಿಗ್ನಲ್ಲನ್ನು ಮತ್ತೆ ಬಿತ್ತರಿಸುವ ಡಬ್ಬಿ. ಟಿವಿ ಬಾಜೂ ಅದಕ್ಕೆ ಸಿಗುವುದೇ ಏನೂ ಇಲ್ಲ. ಬೋರಿನಲ್ಲಿ ನೀರಿಲ್ಲದಾಗ ಐದು ಎಚ್‌ಪಿ ಮೋಟರ್ ಕಿತ್ತು ಹತ್ತು ಎಚ್‌ಪಿ ಇಳಿಸಿದಂತೆ, ದೊಡ್ಡದು ತಂದರೂ ಇದೇ ಗತಿ. ಒಯ್ದು ಮಾಳಿಗೆ ಮೇಲೆ ಇಡಬಹುದಲ್ಲ ಎನ್ನುತ್ತೀರೇನೋ. ಮಳೆ ಬಿಸಿಲಿಗೆ ಅದು ಉಳಿಯುವುದಿಲ್ಲ. ಉಳಿದರೂ ಒಂದೇ ರೇಡಿಯೊದಿಂದ ಊರಿನ ಜೊತೆಗೂ ನಿಮ್ಮ ಫೋನಿನ ಜೊತೆಗೂ ಸರದಿಯ ಮೇಲೆ ಮಾತಾಡಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ, ಮೇಲಾಗಿ ಅದೇ ಗೋಡೆ, ಅದೇ ಛಾವಣಿ ದಾಟಿ ಒಳಗೆ ಬರಬೇಕು. ಹಾಗಂತ ಎಸೆಯಬೇಡಿ. ಅದರ ಕೆಳಗೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಒಂದು ಲ್ಯಾನ್ ಪೋರ್ಟ್ ಇದ್ದು, ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಕಂಡರೆ, ಒಳಗೆ ವೈಫೈ ಹಂಚುವ ರೌಟರಿನ ಕೆಲಸವನ್ನು ಅದೇ ಮಾಡುತ್ತದೆ. ಹೊಸ ರೌಟರಿನ ಖರ್ಚು ಉಳಿಯಿತು.

ಕಡ್ಡಿಗಳ ಬಗ್ಗೆ ಇನ್ನೊಂದು ಮಾತು. ಫೋನು ತೋರಿಸುವ ಕಡ್ಡಿ ಊರಿನಿಂದ ನಿಮ್ಮ ಕಡೆ ಬರುವ ಸಿಗ್ನಲ್ಲಿನದು ಮಾತ್ರ. ನಿಮ್ಮ ಫೋನು ಹೊರಡಿಸುವುದು ಊರಿಗೆ ಮುಟ್ಟುತ್ತದೋ ಇಲ್ಲವೋ ಅದರಲ್ಲಿ ಕಾಣುವುದಿಲ್ಲ. ಫೋನಿನ ವೈಫೈ ಶಕ್ತಿ ಡಬ್ಬಿಯದಕ್ಕಿಂತ ಬಹಳ ಕಡಿಮೆ, ಸಾಮಾನ್ಯವಾಗಿ 15 ಡಿಬಿಎಂ ಆಸುಪಾಸು. ಮೆಸೇಜ್ ಹೇಗೋ ತೂರಿಕೊಂಡು ಹೋಗುತ್ತದೆ, ವಿಡಿಯೊ ಕಾಲ್ ಮಾತ್ರ ಗಿರಗಿರ ಸುತ್ತುತ್ತ ಕೂಡುತ್ತದೆ. ಅದಕ್ಕೇ ‘ಕಾಕಾನ ಮನಿ ಡಬ್ಬಿ ಬದಲಿಸಿ ಪವರ್ ಜಾಸ್ತಿ ಇರೋದು ಹಾಕ್ರಿ’ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಕಡ್ಡಿ ಮೂರಾಗುತ್ತದೆ, ತೊಂದರೆ ಹಾಗೇ ಇರುತ್ತದೆ. ನಿಮ್ಮ ತುದಿಯಲ್ಲಿ ಒಳ್ಳೆಯ ಆಂಟೆನಾ ಕೂಡಿಸಿದರೆ ಹೋಗುವುದು, ಬರುವುದು ಎರಡೂ ಸುಧಾರಿಸುತ್ತವೆ.

ಆ ಆಂಟೆನಾ ಯಾವುದು? ಕಾಕಾ ಅವರ ಡಬ್ಬಿ 2.4 ಗಿಗಾಹರ್ಟ್ಸ್‌ನದಾದರೆ ಟಿಪಿ-ಲಿಂಕ್‌ನ ಸಿಪಿಇ210 ಅಥವಾ ಅದೇ ದರ್ಜೆಯ ಬೇರೆ ಯಾವುದಾದರೂ ಆದೀತು. ಅದರೊಳಗೆ 9 ಡಿಬಿಐ ಆಂಟೆನಾ, ಅಂದರೆ ಗುರಿ ಇಟ್ಟ ಕಡೆ ಸಿಗ್ನಲ್ಲಿಗೆ 9 ಡಿಬಿ ಕೂಡಿಸಿಕೊಡುವ ಆಂಟೆನಾ ಇರುತ್ತದೆ. ಮೈನಸ್ 71 ಇದ್ದದ್ದು ಲೆಕ್ಕದಲ್ಲಿ ಮೈನಸ್ 62ಕ್ಕೆ ಬರುತ್ತದೆ, ಊರಿಗೆ ಮುಟ್ಟುವ ನಿಮ್ಮ ಸಿಗ್ನಲ್ಲೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಮೈನಸ್ 65ಕ್ಕಿಂತ ಒಳ್ಳೆಯದಿದ್ದರೆ ಕ್ಲಾಸು, ಕ್ಯಾಮೆರಾ ಎರಡೂ ನಡೆಯುತ್ತವೆ. ಇದನ್ನು ‘ಕ್ಲೈಂಟ್’ ಮೋಡ್‌ನಲ್ಲಿ ಇಟ್ಟು ಕಾಕಾ ಅವರ ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟರೆ ಫೋನಿನಂತೆಯೇ ಕೂಡಿಕೊಳ್ಳುತ್ತದೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ, 40ಕ್ಕೆ ಏರಿಸಿದರೆ ಆಸುಪಾಸಿನ ಗದ್ದಲವೂ ಎರಡರಷ್ಟು ಒಳಗೆ ಬರುತ್ತದೆ.

ಪಂಚಾಯಿತಿ ಅಥವಾ ಪಿಎಂ-ವಾಣಿಯಂಥ ಸಾರ್ವಜನಿಕ ವೈಫೈ ಹಿಡಿಯಬೇಕೆಂದಿರುವವರು ‘ಎಪಿ ಕ್ಲೈಂಟ್ ರೌಟರ್’ ಮೋಡ್ ಆರಿಸಿಕೊಳ್ಳಬೇಕು. ಆಗ ಅತ್ತಲಿನವರಿಗೆ ನಿಮ್ಮ ಇಡೀ ಮನೆ ಒಂದೇ ಸಾಧನವಾಗಿ ಕಾಣುತ್ತದೆ, ಲಾಗಿನ್ ಪುಟ ಬಂದರೆ ಮನೆಯ ಒಂದು ಫೋನಿನಿಂದ ಒಮ್ಮೆ ತುಂಬಿದರೆ ಸಾಕಾಗುತ್ತದೆ. ನಿಮಗೆ ಅದರ ಗೊಡವೆ ಇಲ್ಲ.

ನನ್ನನ್ನು ಕೇಳಿದರೆ, ಎರಡೂ ತುದಿ ಮನೆಯವರ ಕೈಯಲ್ಲೇ ಇರುವಾಗ ಕಾಕಾ ಅವರ ಮಾಳಿಗೆ ಮೇಲೂ ಒಂದು ಸಿಪಿಇ ಹಾಕಿ 5 ಗಿಗಾಹರ್ಟ್ಸ್‌ನ ಜೋಡಿ ಮಾಡುವುದೇ ಸರಿ. ಸಿಪಿಇ510 ಎರಡು, ಇಲ್ಲವೇ ಯುಬಿಕ್ವಿಟಿಯ ನ್ಯಾನೊಸ್ಟೇಷನ್ 5ಎಸಿ ಲೊಕೊ ಎರಡು. ಎರಡರ ಆಂಟೆನಾವೂ 13 ಡಿಬಿಐ. 5 ಗಿಗಾಹರ್ಟ್ಸ್‌ನಲ್ಲಿ ಅದೇ ದೂರಕ್ಕೆ 103 ಡಿಬಿ ಕರಗುತ್ತದೆ, ನಿಜ. ಆದರೆ ಎರಡೂ ಕಡೆ 13 ಸಿಗುವುದರಿಂದ 20 ಡಿಬಿಎಂ ಶಕ್ತಿಯಲ್ಲೇ ಮೈನಸ್ 57 ಬರುತ್ತದೆ. ಊರ ಮನೆಗಳ ರೌಟರುಗಳೆಲ್ಲ 2.4ರಲ್ಲಿ ಕಿತ್ತಾಡುತ್ತಿರುವಾಗ ಈ ದಾರಿ ಖಾಲಿ ಇರುತ್ತದೆ. ಕಾಕಾ ಅವರ ಡಬ್ಬಿ ಅವರ ಪಾಡಿಗೆ ಅವರಿಗೆ ಉಳಿಯುತ್ತದೆ, ನಿಮ್ಮ ಕ್ಯಾಮೆರಾ ಹಗಲೂ ರಾತ್ರಿ ಅದನ್ನು ತಿನ್ನುವುದಿಲ್ಲ. ಸಿಪಿಇ510ರ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ, ಲೊಕೊದ್ದು ಗಿಗಾಬಿಟ್. ನಿಮ್ಮ ಅಗತ್ಯಕ್ಕೆ 100 ಧಾರಾಳ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಯಾವ ಅಂಗಡಿಯಲ್ಲಿ ಕೇಳಿದರೂ ಡಬ್ಬದ ಮೇಲೆ ‘5 ಕಿ.ಮೀ.’, ‘15 ಕಿ.ಮೀ.’ ಎಂದು ಅಚ್ಚಾಗಿದ್ದು ತೋರಿಸುತ್ತಾರೆ. ನಿಮಗೆ ಬೇಕಾದದ್ದು 600 ಮೀಟರ್. ಡಿಶ್ ಆಕಾರದ ದೊಡ್ಡದು ಕೊಂಡರೆ ಅದರ ನೋಟ ಬಹಳ ಕಿರಿದು, ಗಾಳಿಗೆ ತುಸು ಜರುಗಿದರೂ ಗುರಿ ತಪ್ಪುತ್ತದೆ, ಮಂಗಗಳಿಗಂತೂ ಅದರ ಮೇಲೆ ವಿಶೇಷ ಪ್ರೀತಿ.

ಈಗ ಎಲ್ಲಕ್ಕಿಂತ ಮುಖ್ಯದ ಸಂಗತಿ, ಎತ್ತರ. ಊರ ಮಾಳಿಗೆ ಕಣ್ಣಿಗೆ ಕಂಡರೆ ಸಾಕು ಎಂದು ಬಹಳ ಮಂದಿ ತಿಳಿದಿದ್ದಾರೆ. ರೇಡಿಯೊ ಅಲೆ ದಾರದಷ್ಟು ತೆಳುವಾಗಿ ಹೋಗುವುದಿಲ್ಲ. ಎರಡು ಆಂಟೆನಾಗಳ ನಡುವೆ ನಡುಭಾಗ ಉಬ್ಬಿದ ಒಂದು ಜಾಗ ಅದಕ್ಕೆ ಬೇಕು, ಫ್ರೆನೆಲ್ ವಲಯ ಎನ್ನುತ್ತಾರೆ. ಅದರ ಶೇ. 60ರಷ್ಟಾದರೂ ಖಾಲಿ ಇರಬೇಕು. 600 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ನೇರ ಗೆರೆಯ ಕೆಳಗೆ 2.4 ಗಿಗಾಹರ್ಟ್ಸ್‌ನಲ್ಲಿ ಎಂಟೂವರೆ ಫೂಟು, 5ರಲ್ಲಿ ಐದೂವರೆ ಫೂಟು ಬಿಡುವು ಬೇಕಾಗುತ್ತದೆ.

ನಮ್ಮ ಕಡೆ ಮೋಸ ಆಗುವುದು ಇಲ್ಲೇ. ಬೇಸಿಗೆಯಲ್ಲಿ ಹೊಲ ಹರಗಿ ಬಿಟ್ಟಿರುತ್ತಾರೆ, ಊರು ಅಂಗೈ ಮೇಲಿದ್ದಂತೆ ಕಾಣುತ್ತದೆ, ಆಗ ಜೋಡಿಸಿದ್ದು ಭರ್ತಿ ಓಡುತ್ತದೆ. ದೀಪಾವಳಿ ಹೊತ್ತಿಗೆ ತೊಗರಿ ಆಳೆತ್ತರ ಆಗಿರುತ್ತದೆ. ನಡುವಿನ ಹೊಲದವರು ಕಬ್ಬು ಹಾಕಿದ್ದರೆ ಹತ್ತು ಫೂಟು ಅಲ್ಲೇ ಹೋಯಿತು. ನೆಟ್ ‘ತಾನಾಗಿಯೇ’ ಕೆಡುತ್ತದೆ, ಅಂಗಡಿಯವನ ಮೇಲೆ ಸಿಟ್ಟು ಬರುತ್ತದೆ. ಆದ್ದರಿಂದ ಇವತ್ತು ಏನು ಬೆಳೆದಿದೆ ಎಂಬುದು ಬಿಟ್ಟು, ನಡುವೆ ಕಬ್ಬೇ ನಿಂತಿದೆ ಎಂದುಕೊಂಡು ಲೆಕ್ಕ ಹಾಕಿ: ಹತ್ತು ಮತ್ತು ಐದೂವರೆ, ಹದಿನೈದೂವರೆ ಫೂಟು ಎತ್ತರದಲ್ಲಿ ಗೆರೆ ಹಾಯಬೇಕು. ನಿಮ್ಮ ಮಾಳಿಗೆ 11 ಫೂಟು ಎನ್ನಿ, ಅದರ ಮೇಲೆ 6 ಫೂಟಿನ ಪೈಪು ನಿಲ್ಲಿಸಿದರೆ 17. ಕಾಕಾ ಅವರ ಡಬ್ಬಿ 22 ಫೂಟಿನಲ್ಲಿದ್ದರೆ ನಡುಮಧ್ಯದ ಎತ್ತರ ಹತ್ತೊಂಬತ್ತೂವರೆ. 5 ಗಿಗಾಹರ್ಟ್ಸ್‌ಗೆ ನಿಶ್ಚಿಂತೆ, 2.4ಕ್ಕೆ ಅಂಚಿನ ಮೇಲೆ ಪಾಸು. ಪೈಪಿಲ್ಲದೆ ಮಾಳಿಗೆಯ ಕಟ್ಟೆಗೇ ಕಟ್ಟಿದ್ದರೆ 2.4 ಫೇಲ್. ನಡುವೆ ದಿಬ್ಬ ಇದ್ದರೆ ಅದರ ಎತ್ತರವನ್ನೂ ಕೂಡಿಸಬೇಕು.

ಬೇವಿನ ಗಿಡವೋ ಜಾಲಿಯೋ ಸರಿಯಾಗಿ ಗೆರೆಯ ಮೇಲೆ ಬಂದರೆ ಪೈಪನ್ನು ಮಾಳಿಗೆಯ ಇನ್ನೊಂದು ಮೂಲೆಗೆ ಒಯ್ಯಿರಿ. ಒಂದು ದಟ್ಟ ಗಿಡ 10 ಡಿಬಿಗೂ ಹೆಚ್ಚು ನುಂಗಬಹುದು, ಅಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ಹತ್ತು ಫೂಟು ಪಕ್ಕಕ್ಕೆ ಸರಿದರೆ ಎಷ್ಟೋ ಸಲ ಗಿಡ ತಪ್ಪುತ್ತದೆ, ಕೊಡಲಿ ಎತ್ತುವ ಅಗತ್ಯ ಬೀಳುವುದಿಲ್ಲ. ‘ಮಳಿ ಬಂದ್ರ ನೆಟ್ ಹೋಗ್ತದ’ ಎನ್ನುವುದರ ಹಿಂದಿರುವುದೂ ಬಹುಪಾಲು ಇದೇ. ಇಷ್ಟು ದೂರಕ್ಕೆ ಮಳೆಹನಿಯಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲ. ತೊಯ್ದ ಎಲೆ, ಕನೆಕ್ಟರಿನೊಳಗೆ ಇಳಿದ ನೀರು, ಹೋದ ಕರೆಂಟು, ಈ ಮೂರರಲ್ಲಿ ಒಂದು ಕಾರಣ.

ಪೈಪನ್ನು ಅಂಗಳದ ಎರೆಮಣ್ಣಿನಲ್ಲಿ ಹೂಳಬೇಡಿ. ಕರಿ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಕಾಂಕ್ರೀಟ್ ಹಾಕಿದ ಕಂಬವೂ ಎರಡು ಮಳೆಗಾಲದಲ್ಲಿ ವಾಲುತ್ತದೆ. ಒಂದೂವರೆ ಇಂಚಿನ ಜಿಐ ಪೈಪನ್ನು ಎರಡು ಕಡೆ ಕ್ಲಾಂಪ್ ಕೊಟ್ಟು ಕಲ್ಲಿನ ಗೋಡೆಗೇ ಹಿಡಿಸಿ, ಕ್ಲಾಂಪುಗಳ ನಡುವೆ ಎರಡು ಫೂಟಾದರೂ ಅಂತರ ಇರಲಿ. ಶಹಾಬಾದ ಕಲ್ಲು ಪದರು ಪದರಾಗಿ ಏಳುತ್ತದೆ, ಆದ್ದರಿಂದ ಫಾಸ್ಟನರ್‌ಗೆ ತೂತು ಕೊರೆಯುವಾಗ ಕಲ್ಲಿನ ಅಂಚು ಬಿಟ್ಟು ನಡುವೆ ಕೊರೆಯಬೇಕು, ಹ್ಯಾಮರ್ ಮೆಲ್ಲಗೆ ಬಿಡಬೇಕು. ಸಿಂಟೆಕ್ಸ್ ಟಾಕಿಯ ಹಿಂದೆ ಆಂಟೆನಾ ಬರಬಾರದು, ತುಂಬಿದ ನೀರು ಒಳ್ಳೆಯ ಗೋಡೆ.

ಗುರಿ ಹಿಡಿಯುವುದು ಇಬ್ಬರ ಕೆಲಸ. ಒಬ್ಬರು ಪೈಪಿನ ಹತ್ತಿರ, ಇನ್ನೊಬ್ಬರು ಕೆಳಗೆ ಲ್ಯಾಪ್‌ಟಾಪ್ ಅಥವಾ ಫೋನಿನಲ್ಲಿ ಸಿಪಿಇಯ ಪುಟ ತೆರೆದು ಸಿಗ್ನಲ್ ಸಂಖ್ಯೆ ಓದುತ್ತ ಕೂಡಬೇಕು. ಬೆರಳಿನಷ್ಟು ತಿರುಗಿಸಿ, ಐದಾರು ಸೆಕೆಂಡು ಬಿಟ್ಟು ಸಂಖ್ಯೆ ಕೇಳಿ. ಪುಟದಲ್ಲಿ ಸಂಖ್ಯೆ ಬದಲಾಗಲು ಅಷ್ಟು ಹೊತ್ತು ಹಿಡಿಯುತ್ತದೆ. ಒಂದು ಕಡೆ ಮೈನಸ್ 70 ಬಂದ ಕೂಡಲೇ ‘ಬಂತು ಬಂತು’ ಎಂದು ನಟ್ಟು ಬಿಗಿದುಬಿಡುವುದು ಸಾಮಾನ್ಯ. ಆಂಟೆನಾಗೆ ಪಕ್ಕದಲ್ಲೂ ಸಣ್ಣ ಕವಲುಗಳಿರುತ್ತವೆ, ನೀವು ಹಿಡಿದದ್ದು ಅದೇ ಇರಬಹುದು. ಆ ತುದಿಯಿಂದ ಈ ತುದಿವರೆಗೆ ಪೂರ್ತಿ ಒಮ್ಮೆ ತಿರುಗಿಸಿ ನೋಡಿ, ಅತಿ ಒಳ್ಳೆಯ ಸಂಖ್ಯೆ ಬಂದ ಕಡೆ ನಿಲ್ಲಿಸಿ, ಆಮೇಲೆ ಮೇಲೆ-ಕೆಳಗೆ ಬಾಗಿಸಿ ನೋಡಿ. ನನ್ನ ಲೆಕ್ಕದ ಸಂಖ್ಯೆಗಿಂತ ನಾಲ್ಕೈದು ಡಿಬಿ ಕಡಿಮೆ ಬಂದರೆ ಚಿಂತೆ ಇಲ್ಲ. ಹದಿನೈದು ಕಡಿಮೆ ಬಂದರೆ ಎಲ್ಲೋ ಅಡ್ಡ ಇದೆ, ಇಲ್ಲವೇ ಗುರಿ ತಪ್ಪಿದೆ.

ಕೇಬಲ್ ಹೊರಾಂಗಣದ್ದೇ ಬೇಕು: ಕ್ಯಾಟ್ 5ಇ ಅಥವಾ 6, ಕರಿ ಹೊದಿಕೆ, ಶೀಲ್ಡ್ ಇರುವುದು, ಅಪ್ಪಟ ತಾಮ್ರ. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ಕೇಬಲ್ ಅರ್ಧ ಬೆಲೆಗೆ ಸಿಗುತ್ತದೆ. ಇದೇ ಕೇಬಲ್ಲಿನಲ್ಲಿ ಸಿಪಿಇಗೆ ಕರೆಂಟೂ ಹೋಗಬೇಕಾದ್ದರಿಂದ ಅದು ಕೈಕೊಡುತ್ತದೆ. ಗೋಡೆಯ ತೂತು ಒಳಗಿನಿಂದ ಹೊರಗೆ ಇಳಿಜಾರಾಗಿರಲಿ. ಹೊರಗೆ ಕೇಬಲ್ ತೂತಿಗೆ ಬರುವ ಮುನ್ನ ತೂತಿಗಿಂತ ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲೇರಬೇಕು. ಮಳೆನೀರು ಕೇಬಲ್ ಹಿಡಿದುಕೊಂಡು ಇಳಿದು ಆ ತಿರುವಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಮನೆಯೊಳಗೆ ಬರುವುದಿಲ್ಲ. ಸಂದಿಗೆ ಸಿಲಿಕಾನ್ ತುಂಬಿ, ಇಲ್ಲದಿದ್ದರೆ ಇರುವೆ, ಜೇನುನೊಣ ಗೂಡು ಕಟ್ಟುತ್ತವೆ.

ಸಿಪಿಇಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಕಳಿಸುವ ಪಿಒಇ ಅಡಾಪ್ಟರ್‌ಗೆ ಎರಡು ತೂತು, ಒಂದು ‘ಪಿಒಇ’, ಒಂದು ‘ಲ್ಯಾನ್’. ಮಾಳಿಗೆಯಿಂದ ಬಂದ ಕೇಬಲ್ ‘ಪಿಒಇ’ಗೆ, ರೌಟರಿನದು ‘ಲ್ಯಾನ್’ಗೆ. ಅದಲುಬದಲಾದರೆ 24 ವೋಲ್ಟ್ ನೇರ ರೌಟರಿನ ಪೋರ್ಟಿಗೆ ಹೋಗಿ ಅದು ಸುಟ್ಟುಹೋದೀತು. ಪೆನ್ನಿನಿಂದ ಗುರುತು ಹಾಕಿಡಿ, ಹಬ್ಬಕ್ಕೆ ಬಂದ ಹುಡುಗರು ಕಿತ್ತು ಮತ್ತೆ ಜೋಡಿಸುವಾಗ ಉಪಯೋಗಕ್ಕೆ ಬರುತ್ತದೆ. ಎಳ್ಳಮಾಸಿ ದಿನ ಬಳಗವೆಲ್ಲ ಹೊಲಕ್ಕೆ ಬಂದು ಇಪ್ಪತ್ತು ಫೋನು ಒಮ್ಮೆಲೇ ಕೂಡಿಕೊಂಡರೆ ನಿಮ್ಮ ಕ್ಯಾಮೆರಾ ನಿಲ್ಲಬಹುದು. ಅತಿಥಿಗಳಿಗೆ ಬೇರೆ ಪಾಸ್‌ವರ್ಡ್ ಇಡುವ ಸೌಲಭ್ಯ ಬಹಳಷ್ಟು ರೌಟರುಗಳಲ್ಲಿದೆ.

ಒಳಗಿನ ರೌಟರ್ ಕಲ್ಲಿನ ಮನೆಯೊಳಗೇ ಇರಲಿ, ಪತ್ರಾಸಿನ ಖೋಲಿಯಲ್ಲಿ ಬೇಡ. ಮನೆಬಳಕೆಯ ರೌಟರುಗಳು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಬಿಸಿಗೆ ಮಾಡಿದವು. ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ ಅಷ್ಟು ದಾಟುತ್ತದೆ, ತಗಡಿನ ಕೆಳಗಂತೂ ಕೇಳುವುದೇ ಬೇಡ. ಹೊರಗಿನ ಸಿಪಿಇಗಳನ್ನು 70 ಡಿಗ್ರಿವರೆಗೆ ತಾಳುವಂತೆ ಮಾಡಿರುತ್ತಾರೆ. ರೌಟರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮಾಳಿಗೆ ಮೇಲಿಡುವ ಜುಗಾಡ್ ಅದಕ್ಕೇ ಬೇಸಿಗೆ ದಾಟುವುದಿಲ್ಲ. ಪತ್ರಾಸಿನ ಖೋಲಿಯಲ್ಲೂ ವೈಫೈ ಬೇಕಾದರೆ ನಡುವಿನ ಬಾಗಿಲಿಗೆ ನೇರವಾಗಿ ರೌಟರ್ ಇಡಿ, ಕಟ್ಟಿಗೆಯ ಬಾಗಿಲು ದಾಟುವುದು ಕಷ್ಟವಲ್ಲ.

ಕರೆಂಟಿನ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಪಂಪ್‌ಸೆಟ್ಟಿನ ಲೈನಿನ ಮೇಲೆ ಮನೆ ಇದ್ದರೆ ತ್ರೀ ಫೇಸ್ ಬಂದಾಗ, ಹೋದಾಗ ವೋಲ್ಟೇಜ್ ಜಿಗಿದು ಅಡಾಪ್ಟರುಗಳನ್ನು ಸುಡುತ್ತದೆ. ಇನ್ವರ್ಟರ್ ಮೂಲಕವೇ ಕೊಡಿ. ಸಿಪಿಇ, ರೌಟರ್ ಎರಡೂ ಸೇರಿ 12–15 ವಾಟ್, ದಿನವಿಡೀ ಓಡಿದರೂ ಸುಮಾರು ಮೂರನೇ ಒಂದು ಯೂನಿಟ್. ಮನೆಯ ಇನ್ವರ್ಟರ್ ಬ್ಯಾಟರಿಗೆ ಇದು ಭಾರವೇ ಅಲ್ಲ. ಆದರೆ ಊರಲ್ಲಿ ಕರೆಂಟು ಹೋಗಿ ಕಾಕಾ ಅವರ ಫೈಬರ್ ಮೋಡೆಮ್ ಆರಿದರೆ ನಿಮ್ಮ ಇನ್ವರ್ಟರ್ ಇದ್ದೂ ಸುಖವಿಲ್ಲ, ಅಲ್ಲಿಯೂ ಒಂದು ಸಣ್ಣ ರೌಟರ್ ಯುಪಿಎಸ್ ಬೇಕು. ಜೋಡಿ ಲಿಂಕ್ ಹಾಕಿದರೆ ಅವರ ಕಡೆಯ ಸಿಪಿಇಗೆ 24 ವೋಲ್ಟ್ ಕೊಡುವಂಥದ್ದೇ ನೋಡಿ ತನ್ನಿ, 12 ವೋಲ್ಟಿನದು ಅದಕ್ಕೆ ನಡೆಯದು.

ಸಿಡಿಲಿಗೆ ಹೆದರಲೇಬೇಕು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಸಿಡಿಲು ಬಯಲಲ್ಲಿ ನಿಂತ ಒಂಟಿ ಮನೆಯ ಪೈಪನ್ನು ಹುಡುಕಿಕೊಂಡು ಬಂದೀತು. ಪೈಪಿಗೆ ದಪ್ಪ ತಾಮ್ರದ ತಂತಿ ಹಚ್ಚಿ ಅರ್ಥಿಂಗ್ ಕೊಡಿ, ಅದನ್ನು ಮನೆಯ ಅರ್ಥಿಂಗ್‌ಗೂ ಕೂಡಿಸಿ, ಕೇಬಲ್ ಒಳಬರುವ ಕಡೆ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ. ಎರೆಮಣ್ಣು ಹಸಿ ಇದ್ದಾಗ ಅರ್ಥಿಂಗ್‌ಗೆ ಬಹಳ ಒಳ್ಳೆಯದು, ಒಣಗಿ ಬಿರಿದಾಗ ಸಲಾಕೆಯಿಂದ ದೂರ ಸರಿಯುತ್ತದೆ. ಸರಿಯಾಗಿ ಸಿಡಿಲಿನ ತಿಂಗಳಲ್ಲೇ ಹೀಗಾಗುವುದರಿಂದ ಬಚ್ಚಲ ನೀರು ಬೀಳುವ ಕಡೆ ಸಲಾಕೆ ಹೊಡೆದರೆ ಅನುಕೂಲ. ಇಷ್ಟೆಲ್ಲ ಮಾಡಿದರೂ ನೇರ ಬಡಿದ ಸಿಡಿಲನ್ನು ಇವು ತಡೆಯುವುದಿಲ್ಲ. ಮೋಡ ಕಟ್ಟಿದಾಗಲೇ ಅಡಾಪ್ಟರ್ ಕಿತ್ತು, ಮಾಳಿಗೆಯ ಕೇಬಲ್ಲನ್ನೂ ಬಿಚ್ಚಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.

ಕಾನೂನಿನ ಭಯ ಬೇಡ. 2.4 ಗಿಗಾಹರ್ಟ್ಸ್ 2005ರಿಂದ, ನಾವು ಮಾತಾಡುತ್ತಿರುವ 5 ಗಿಗಾಹರ್ಟ್ಸ್ ಪಟ್ಟಿಗಳು 2018ರ ಅಕ್ಟೋಬರ್‌ನಿಂದ ಹೊರಾಂಗಣದಲ್ಲೂ ಪರವಾನಗಿ ಇಲ್ಲದೆ ಬಳಸಲು ಮುಕ್ತ. ಸೆಟ್ಟಿಂಗ್‌ನಲ್ಲಿ ದೇಶ ‘ಇಂಡಿಯಾ’ ಎಂದೇ ಇಡಿ, ಶಕ್ತಿಯ ಮಿತಿಯನ್ನು ಅದೇ ನೋಡಿಕೊಳ್ಳುತ್ತದೆ. ಅಂಗಡಿಯವರು ಹೇಳಿದ ‘ದೊಡ್ಡ ಬೂಸ್ಟರ್’ ಮೊಬೈಲ್ ಸಿಗ್ನಲ್ಲಿನದಾಗಿದ್ದರೆ ಮಾತ್ರ ದೂರ ಇರಿ. ಅದನ್ನು ಖಾಸಗಿಯವರು ಅನುಮತಿ ಇಲ್ಲದೆ ಹಾಕುವುದು ಅಪರಾಧ, ಸುತ್ತಲಿನವರ ಫೋನುಗಳನ್ನೂ ಕೆಡಿಸುತ್ತದೆ. ನಿಮ್ಮ ಮಾಳಿಗೆ ಮೇಲೆ ಮೊಬೈಲಿನ 4ಜಿಯೇ ಚೆನ್ನಾಗಿ ಸಿಗುತ್ತಿದ್ದರೆ ಸಿಮ್ ಹಾಕುವ ಹೊರಾಂಗಣ ರೌಟರ್ ಇನ್ನೊಂದು ದಾರಿ. ತಿಂಗಳ ಖರ್ಚು ಬೇರೆ ಬೀಳುತ್ತದೆ, ಉಳಿದ ಕೇಬಲ್, ಅರ್ಥಿಂಗ್ ಪುರಾಣ ಎಲ್ಲ ಇದೇ.

ಅಂಗಡಿಗೆ ಹೋಗುವ ಮುಂಚೆ ಕಾಕಾ ಅವರ ಡಬ್ಬಿಯ ಹಿಂದಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ಅದು 2.4 ಮಾತ್ರವೋ, 5 ಗಿಗಾಹರ್ಟ್ಸ್ ಕೂಡ ಇದೆಯೋ ಮಾಡೆಲ್ ನಂಬರಿನಿಂದ ಗೊತ್ತಾಗುತ್ತದೆ. 2.4 ಮಾತ್ರ ಇರುವ ಡಬ್ಬಿಗೆ 5ರ ಒಂದೇ ಸಿಪಿಇ ತಂದರೆ ಅದು ಎಷ್ಟು ಹುಡುಕಿದರೂ ನಿಮ್ಮ ವೈಫೈ ಹೆಸರು ತೋರಿಸುವುದಿಲ್ಲ. ಜೋಡಿ ತರುವುದಾದರೆ ಈ ಪ್ರಶ್ನೆಯೇ ಏಳುವುದಿಲ್ಲ, ಕಾಕಾ ಅವರ ಮೋಡೆಮಿನಲ್ಲಿ ಒಂದು ಲ್ಯಾನ್ ಪೋರ್ಟ್ ಖಾಲಿ ಇದ್ದರೆ ಆಯಿತು.